ಕಾರಣ ಕೇಳುವ ಕೆಲಸ

ಕಲಬುರಗಿಯ ಒಂದು ವೈದ್ಯಕೀಯ ಕಾಲೇಜಿನ ಎಥಿಕ್ಸ್ ಕಮಿಟಿಯಲ್ಲಿ ನಾನು ಸದಸ್ಯ. ಡಾಕ್ಟರ್ ಅಲ್ಲ, ವಕೀಲ ಅಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಮನುಷ್ಯರ ಮೇಲೆ ಯಾವುದೇ ವೈದ್ಯಕೀಯ ಸಂಶೋಧನೆ ಮಾಡುವ ಮೊದಲು ಇಂಥ ಕಮಿಟಿಯ ಒಪ್ಪಿಗೆ ಬೇಕು. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಕಮಿಟಿಯಲ್ಲಿ 7ರಿಂದ 15 ಜನ ಇರಬೇಕು. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಜೊತೆಗೆ ಊರಿನ ಭಾಷೆ, ಊರಿನ ನಡೆನುಡಿ ಗೊತ್ತಿರುವ ಒಬ್ಬ ಸಾಮಾನ್ಯ ಮನುಷ್ಯ ಇರಬೇಕು. ಆ ಕುರ್ಚಿ ನನ್ನದು.

ಅಲ್ಲಿ ಕೂತು ಗಮನಿಸಿದ್ದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಸರಿ ತಪ್ಪಿನ ಪ್ರಶ್ನೆ ಬಂದಾಗ ಜನ ತೀರ್ಮಾನವನ್ನು ತುಂಬಾ ಬೇಗ ಹೇಳುತ್ತಾರೆ. “ಇದು ತಪ್ಪು.” “ಇದರಲ್ಲೇನೂ ತೊಂದರೆ ಇಲ್ಲ.” ಯಾಕೆ ಅಂತ ಕೇಳಿದರೆ ಎರಡೇ ಮಾತಿಗೆ ಮುಗಿಯುತ್ತದೆ. ಓದಿದವರು, ಓದದವರು ಅನ್ನುವ ಭೇದ ಇದರಲ್ಲಿ ಇಲ್ಲ. ರಕ್ತದ ಒಂದು ಪರೀಕ್ಷೆ ಎಷ್ಟು ನಂಬಿಕೆಗೆ ಅರ್ಹ ಅಂತ ಅರ್ಧ ಗಂಟೆ ಪುರಾವೆ ಕೊಡುವ ಪ್ರೊಫೆಸರ್, “ಇದನ್ನು ರೋಗಿಗೆ ಹೇಳೋ ಅಗತ್ಯ ಇಲ್ಲ” ಅನ್ನುವ ಮಾತಿಗೆ ಪುರಾವೆಯೇ ಬೇಡ ಅನ್ನುವಂತೆ ಮುಂದಿನ ಪುಟ ತಿರುವುತ್ತಾರೆ. ಗಣಿತದ ಪೇಪರಿನಲ್ಲಿ ಉತ್ತರ ಸರಿಯಿದ್ದು ಹೆಜ್ಜೆಗಳೇ ಇಲ್ಲದಿದ್ದರೆ ನಾನು ಪೂರ್ತಿ ಅಂಕ ಕೊಡುತ್ತಿರಲಿಲ್ಲ. ಉತ್ತರ ಪಕ್ಕದವನ ಪೇಪರಿನಿಂದಲೂ ಬಂದಿರಬಹುದು. ಹೆಜ್ಜೆ ಬರೆದಿದ್ದರೆ ಎಲ್ಲಿ ಜಾರಿದೆ ಅಂತ ಬೆರಳಿಟ್ಟು ತೋರಿಸಬಹುದು. ಆಸ್ಪತ್ರೆಯಲ್ಲಿ ಆಗುವ ತೀರ್ಮಾನಗಳಿಗೆ ಈ ಹೆಜ್ಜೆಗಳು ಇನ್ನೂ ಜಾಸ್ತಿ ಬೇಕು ಅಂತ ನನ್ನ ನಂಬಿಕೆ. ಅಲ್ಲಿ ತೀರ್ಮಾನ ಮಾಡುವವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು.

ಪ್ರತಿ ತರಬೇತಿಯಲ್ಲೂ ನಾಲ್ಕು ತತ್ವಗಳ ಮಾತು ಬರುತ್ತದೆ. ರೋಗಿಯ ಸ್ವಂತ ನಿರ್ಧಾರಕ್ಕೆ ಬೆಲೆ ಕೊಡುವುದು, ಒಳ್ಳೆಯದು ಮಾಡುವುದು, ಕೇಡು ಮಾಡದಿರುವುದು, ನ್ಯಾಯವಾಗಿ ನಡೆದುಕೊಳ್ಳುವುದು. ಇವುಗಳ ಹಿಂದೆ ಬಹಳ ನೋವಿದೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಬಡ ಕಪ್ಪು ಜನರನ್ನು ಚಿಕಿತ್ಸೆ ಕೊಡದೆ ಸುಮ್ನೆ ಗಮನಿಸುತ್ತಾ ಹೋದರು. ಆ ರೋಗ ವಾಸಿ ಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅದು ಬಯಲಾದ ಮೇಲೆ, 1970ರ ದಶಕದ ಕೊನೆಯ ಹೊತ್ತಿಗೆ, ಈ ತತ್ವಗಳು ಈಗಿನ ರೂಪಕ್ಕೆ ಬಂದವು. ನನಗೆ ಅವುಗಳ ಬಗ್ಗೆ ಗೌರವ ಇದೆ. ಆದರೆ ತತ್ವದ ಹೆಸರು ಹೇಳಿದ ಮಾತ್ರಕ್ಕೆ ಯೋಚನೆ ಮಾಡಿದ ಹಾಗೆ ಆಗುವುದಿಲ್ಲ. ಒಂದೇ ರೋಗಿಯ ವಿಷಯದಲ್ಲಿ ಒಬ್ಬರು “ಅವರ ಇಷ್ಟ” ಅನ್ನುತ್ತಾರೆ, ಇನ್ನೊಬ್ಬರು “ಅವರ ಒಳ್ಳೇದಕ್ಕೆ” ಅನ್ನುತ್ತಾರೆ. ಎಷ್ಟೋ ಸಲ ಇಬ್ಬರೂ ತಮಗೆ ಮೊದಲೇ ಬೇಕಿದ್ದ ತೀರ್ಮಾನಕ್ಕೆ ಹೊಂದುವ ತತ್ವವನ್ನು ಆರಿಸಿಕೊಂಡಿರುತ್ತಾರೆ. ಈ ರೋಗಿಯ ವಿಷಯದಲ್ಲಿ ಯಾವುದು ಹೆಚ್ಚು ತೂಗುತ್ತದೆ, ಯಾಕೆ? ಕೆಲಸ ಇರುವುದು ಅಲ್ಲಿ.

ನಮ್ಮ ಓಣಿಯ ಒಬ್ಬ ತಾಯಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂತ ಗೊತ್ತಾಯಿತು. ನಮ್ಮ ಕಡೆ ಕ್ಯಾನ್ಸರ್ ಅಂದರೆ ಮೊದಲು ಊರಿನ ವಿಚಾರ ಬರುತ್ತದೆ. ಕಲಬುರಗಿಯಲ್ಲೇ ಕಿದ್ವಾಯಿ ಶಾಖೆಗೆ ಹೋಗೋದೋ, ಸೋಲಾಪುರ ಜಿಲ್ಲೆಯ ಬಾರ್ಶಿಗೋ, ಹೈದರಾಬಾದಿಗೋ. ಅದೆಲ್ಲ ತೀರ್ಮಾನವಾದ ಮೇಲೆ ಹಿರಿಯ ಮಗ ಸಂಜೆ ನಮ್ಮ ಮನೆಗೆ ಬಂದ.

“ಸರ, ಅವ್ವಗ ಹೇಳಬ್ಯಾಡ್ರಿ ಅಂತ ಡಾಕ್ಟರಿಗಿ ನೀವೊಂದು ಮಾತು ಹೇಳ್ರಿ. ನೀವು ಹೇಳಿದ್ರ ಕೇಳ್ತಾರ.”

“ಯಾಕಪ್ಪಾ?”

“ಗೊತ್ತಾದ್ರ ಧೈರ್ಯ ಬಿಡ್ತಾಳ್ರಿ. ಊಟ ಬಿಡ್ತಾಳ. ಇದ್ದ ನಾಕು ದಿನಾನೂ ಇರಂಗಿಲ್ಲ.”

ಇಂಥ ಮಾತು ಕೇಳದ ಮನೆ ನಮ್ಮಲ್ಲಿ ಇಲ್ಲ. ಇದರ ಹಿಂದೆ ಪ್ರೀತಿ ಇದೆ, ಅನುಮಾನವೇ ಬೇಡ. ಆದರೆ ಅವನ ಮಾತಿನಲ್ಲಿ ಒಂದಕ್ಕಿಂತ ಹೆಚ್ಚು ಮಾತುಗಳು ಅಡಗಿವೆ. “ಗೊತ್ತಾದರೆ ಅವ್ವ ಕುಸಿದು ಹೋಗುತ್ತಾಳೆ” ಅನ್ನುವುದು ಮುಂದೆ ಏನಾಗುತ್ತದೆ ಅನ್ನುವ ಊಹೆ. ಅದು ನಿಜವೂ ಇರಬಹುದು, ಸುಳ್ಳೂ ಇರಬಹುದು. ಅವ್ವ ಹಿಂದೆ ಕೆಟ್ಟ ಸುದ್ದಿಗಳನ್ನು ಹೇಗೆ ತಡೆದುಕೊಂಡಳು ಅಂತ ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದೆ. ಆಕೆ ಗಂಡ ಸತ್ತ ಮೇಲೆ ನಾಲ್ಕು ಎಕರೆ ತೊಗರಿ ಹೊಲ ಒಬ್ಬಳೇ ನೋಡಿಕೊಂಡು ಮಕ್ಕಳನ್ನು ಓದಿಸಿದವಳು. “ಅವ್ವಗೆ ಗೊತ್ತಾಗುವುದು ಬೇಕಿಲ್ಲ” ಅನ್ನುವುದು ಬೇರೆ ಮಾತು. ಅದು ಆಕೆಯ ಇಷ್ಟದ ಬಗ್ಗೆ. ಆಕೆಯನ್ನು ಕೇಳದೆ ಅದು ಗೊತ್ತಾಗುವುದಿಲ್ಲ. ಇನ್ನೊಂದು ಮಾತನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ: ಆಕೆಯ ಎದುರು ಕೂತು ಹೇಳುವ ಶಕ್ತಿ ನಮಗಿಲ್ಲ. ನನಗೆ ಅತ್ಯಂತ ನಿಜ ಅನ್ನಿಸಿದ್ದು ಇದೇ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಇದು ಮಕ್ಕಳ ಕಷ್ಟ. ಇದನ್ನು ತಾಯಿಯ ಒಳಿತು ಅಂತ ಕರೆದರೆ ಲೆಕ್ಕ ತಪ್ಪುತ್ತದೆ.

ಆಳಂದಕ್ಕೆ ಕೊಟ್ಟ ಮಗಳು ಮರುದಿನ ಬಂದಳು. ಅವಳು ಅಣ್ಣನ ಎದುರಿಗೇ ಹೇಳಿದಳು: “ಅವ್ವಗ ಎಲ್ಲಾ ಗೊತ್ತದ ಅಣ್ಣಾ. ನಮಗ ತ್ರಾಸ ಆಗಬಾರದಂತ ಸುಮ್ನ ಕುಂತಾಳ.”

ಕೊನೆಗೆ ಡಾಕ್ಟರ್ ಬಹಳ ಸರಳವಾದ ಕೆಲಸ ಮಾಡಿದರು. ರೋಗದ ಹೆಸರು ಹೇಳಲೂ ಇಲ್ಲ, ಮುಚ್ಚಿಡಲೂ ಇಲ್ಲ. “ಅಮ್ಮಾ, ನಿಮ್ಮ ರೋಗದ ವಿಷಯ ನಿಮಗೆ ಎಷ್ಟು ಹೇಳಲಿ? ಎಲ್ಲಾ ಹೇಳಲೋ, ಮಕ್ಕಳ ಹತ್ತಿರ ಮಾತಾಡಲೋ?” ಅಂತ ಆಕೆಯನ್ನೇ ಕೇಳಿದರು. ಆಕೆ ಹೇಳಿದ್ದನ್ನು ಮಗಳು ನನಗೆ ಹೇಳಿದಳು. “ಹೆಸರು ಗಿಸರು ನನಗ ಬ್ಯಾಡ್ರಿ. ದೀಪಾವಳಿ ಆದ ಮ್ಯಾಲ ಮೊಮ್ಮಗಳ ಲಗ್ನ ಅದ. ಅಲ್ಲಿತನಕ ಅಡ್ಡಾಡಕ ಆಗ್ತದೇನು, ಅದಷ್ಟು ಹೇಳ್ರಿ. ಹೊಲದ್ದು ಒಂದು ಕಾಗದ ಮಾಡಿಸೋದದ.”

ಹೆಸರು ಹೇಳಬಾರದು ಅನ್ನುವ ವಿಷಯದಲ್ಲಿ ಮಗನ ತೀರ್ಮಾನವೇ ಗೆದ್ದಂತೆ ಕಾಣುತ್ತದೆ. ಆದರೆ ಅವನ ಕಾರಣವನ್ನು ಹಿಡಿದು ಹೋಗಿದ್ದರೆ ದೀಪಾವಳಿಯ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ, ಹೊಲದ ಕಾಗದ ಆಗುತ್ತಿರಲಿಲ್ಲ. “ರೋಗಿಗೆ ಎಲ್ಲವನ್ನೂ ಹೇಳಲೇಬೇಕು” ಅನ್ನುವ ನಿಯಮ ಹಿಡಿದು ಹೋಗಿದ್ದರೂ ಆಕೆಗೆ ಬೇಡವಾದದ್ದನ್ನು ಆಕೆಯ ಕಿವಿಗೆ ತುಂಬಿದಂತಾಗುತ್ತಿತ್ತು. ಎರಡು ಕಡೆಯವರೂ ಆಕೆಯನ್ನು ಬಿಟ್ಟು ಆಕೆಯ ಬಗ್ಗೆ ವಾದ ಮಾಡುತ್ತಿದ್ದರು.

ಹೇಳುವುದು ಅಂದಮೇಲೆ ಹೇಗೆ ಹೇಳುತ್ತೇವೆ ಅನ್ನುವುದೂ ಬರುತ್ತದೆ. ಸಂಶೋಧಕರಾದ ಬಾರ್ಬರಾ ಮೆಕ್‌ನೀಲ್, ಏಮೊಸ್ ಟ್ವೆರ್ಸ್ಕಿ ಮತ್ತು ಅವರ ಸಂಗಡಿಗರು 1982ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಬೇಕೋ, ರೇಡಿಯೇಷನ್ ಬೇಕೋ ಅಂತ ಆರಿಸಬೇಕು. ಕೆಲವರಿಗೆ ಎಷ್ಟು ಜನ ಬದುಕುತ್ತಾರೆ ಅಂತ ಅಂಕಿ ಕೊಟ್ಟರು. ಬೇರೆಯವರಿಗೆ ಅದೇ ಅಂಕಿಯನ್ನು ಎಷ್ಟು ಜನ ಸಾಯುತ್ತಾರೆ ಅಂತ ಕೊಟ್ಟರು. 100ರಲ್ಲಿ 90 ಬದುಕುತ್ತಾರೆ, 100ರಲ್ಲಿ 10 ಸಾಯುತ್ತಾರೆ, ಎರಡೂ ಒಂದೇ. ಆದರೂ ಸಾವಿನ ಲೆಕ್ಕ ಕೇಳಿದವರಲ್ಲಿ ಆಪರೇಷನ್ ಆರಿಸಿದವರು ಕಡಿಮೆ ಆದರು. ಹೀಗೆ ವಾಲಿದವರಲ್ಲಿ ಡಾಕ್ಟರುಗಳೂ ಇದ್ದರು. ಇದನ್ನು ಓದಿದ ಮೇಲೆ ನಮ್ಮ ಕಮಿಟಿಗೆ ಬರುವ ಒಪ್ಪಿಗೆ ಪತ್ರಗಳಲ್ಲಿ ಎರಡೂ ಲೆಕ್ಕ ಪಕ್ಕಪಕ್ಕ ಇರಲಿ ಅಂತ ನಾನು ಪ್ರತಿ ಸಲ ಕೇಳುತ್ತೇನೆ. ಈಗ ಕೆಲವರು ನಾನು ಕೇಳುವ ಮೊದಲೇ ಬರೆದುಕೊಂಡು ಬರುತ್ತಾರೆ.

ಆ ತಾಯಿಯ ರೋಗವನ್ನು ಬಹಳ ಮಟ್ಟಿಗೆ ತಡೆಯುವ ಲಸಿಕೆ ಇದೆ, ಎಚ್‌ಪಿವಿ ಲಸಿಕೆ. ನಮ್ಮ ದೇಶದಲ್ಲೇ ತಯಾರಾಗುವ ಲಸಿಕೆಯೂ ಈಗ ಬಂದಿದೆ. ಆದರೆ ಇದರ ಮಾತು ತೆಗೆದರೆ ಯಾರಾದರೂ ಒಬ್ಬರು “ಖಮ್ಮಂನಾಗ ಹುಡುಗ್ಯಾರು ಸತ್ತಿದ್ರಲ್ಲ” ಅಂತ ಎತ್ತುತ್ತಾರೆ. ಖಮ್ಮಂ ನಮಗೆ ದೂರದ ಊರಲ್ಲ, ಹೈದರಾಬಾದಿನ ಆಚೆ. ಅಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ 2009ರಲ್ಲಿ ಪಾಥ್ ಅನ್ನುವ ಅಮೆರಿಕದ ಸಂಸ್ಥೆ, ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳ ಜೊತೆ ಸೇರಿ, 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಕೊಡಿಸಿತು. ಏಳು ಹುಡುಗಿಯರು ಸತ್ತರು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ವಿಚಾರಣೆ ನಡೆಯಿತು.

ಆ ವಿಚಾರಣೆಯಿಂದ ಎರಡು ಬೇರೆ ಬೇರೆ ವಿಷಯ ಹೊರಬಂದವು. ಒಂದು, ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲ. ಒಬ್ಬಳು ನೀರಿನಲ್ಲಿ ಮುಳುಗಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು, ಹೀಗೆ ಕಾರಣಗಳು ಬೇರೆ ಬೇರೆ. ಇನ್ನೊಂದು, ಒಪ್ಪಿಗೆ ಪಡೆದ ರೀತಿ ಸರಿಯಿರಲಿಲ್ಲ. ಖಮ್ಮಂ ಆಗ ಆಂಧ್ರದಲ್ಲಿತ್ತು. ಆಂಧ್ರದಲ್ಲಿ ನೋಡಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಅಪ್ಪ ಅಮ್ಮನ ಸಹಿ ಅಲ್ಲಿ ಇರಲಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಇದನ್ನು ಬಹಳ ಕಟುವಾಗಿ ಟೀಕಿಸಿತು.

ಜನ ಇದನ್ನು ಹೇಗೆ ನೆನಪಿಟ್ಟುಕೊಂಡಿದ್ದಾರೆ ನೋಡಿ. ಲಸಿಕೆ ಬೇಡ ಅನ್ನುವವರು ಒಪ್ಪಿಗೆಯ ತಪ್ಪನ್ನು ತೋರಿಸಿ ಲಸಿಕೆಯೇ ಕೊಂದಿತು ಅನ್ನುತ್ತಾರೆ. ಲಸಿಕೆ ಬೇಕು ಅನ್ನುವವರು ಲಸಿಕೆ ಕೊಲ್ಲಲಿಲ್ಲ ಅಂತ ತೋರಿಸಿ, ಹಾಗಾದರೆ ಒಪ್ಪಿಗೆಯ ಗಲಾಟೆ ಸುಮ್ನೆ ಎಬ್ಬಿಸಿದ್ದು ಅನ್ನುತ್ತಾರೆ. ಎರಡೂ ಕಡೆ ಒಂದೇ ಜಾರು. ಲಸಿಕೆ ಸುರಕ್ಷಿತವೋ ಅಲ್ಲವೋ ಅನ್ನುವುದಕ್ಕೆ ವಾರ್ಡನ್ ಸಹಿ ಉತ್ತರ ಅಲ್ಲ. ಬಡವರ ಮಗಳ ತೋಳಿಗೆ ಸೂಜಿ ಹಾಕುವಾಗ ತಾಯಿಯನ್ನು ಕೇಳಬೇಕೋ ಬೇಡವೋ ಅನ್ನುವುದಕ್ಕೆ ಲಸಿಕೆಯ ಸುರಕ್ಷತೆ ಉತ್ತರ ಅಲ್ಲ. ಒಬ್ಬ ಹುಡುಗಿಗೂ ಜ್ವರ ಕೂಡ ಬರದೆ ಹೋಗಿದ್ದರೂ ಆ ಸಹಿಗಳು ತಪ್ಪೇ. ಆ ತಪ್ಪಿಗೆ ಇವತ್ತಿನ ಹುಡುಗಿಯರು ಲಸಿಕೆ ಕಳೆದುಕೊಳ್ಳುವುದು ಕೂಡ ತಪ್ಪೇ. ನನಗೆ ಸಿಟ್ಟು ಬರುವುದು ಇಲ್ಲಿ. ಎರಡು ಪ್ರಶ್ನೆಗಳನ್ನು ಬಿಡಿಸಿ ಇಡದೆ ಹೋದದ್ದಕ್ಕೆ ದಂಡ ಕಟ್ಟುವವರು ಮತ್ತೆ ಅದೇ ಬಡವರ ಮನೆಯ ಹೆಣ್ಣುಮಕ್ಕಳು.

ಇನ್ನು ಐಸಿಯು ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕೊನೆಯ ತೀರ್ಮಾನ ಒಂದು ಹಾಳೆಯ ಮೇಲೆ ಆಗುತ್ತದೆ. ನರ್ಸುಗಳು ಅದನ್ನು ಲಾಮಾ ಅನ್ನುತ್ತಾರೆ. ಡಾಕ್ಟರ ಸಲಹೆ ಮೀರಿ ನಮ್ಮ ಇಷ್ಟದಿಂದ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದೇವೆ ಅಂತ ಬರೆದು ಸಹಿ ಹಾಕುವುದು. ಜೇವರ್ಗಿ, ಸೇಡಂ, ಚಿಂಚೋಳಿ, ಯಾದಗಿರಿ ಕಡೆಯಿಂದ ಬಂದ ಕುಟುಂಬ. ವೆಂಟಿಲೇಟರ್ ಮೇಲೆ ಅಪ್ಪ. ಖಾಸಗಿ ಆಸ್ಪತ್ರೆಯ ಬಿಲ್ಲು ದಿನದಿನಕ್ಕೆ ಏರುತ್ತಿದೆ. ಎತ್ತು ಮಾರಿಯಾಯಿತು, ಬಂಗಾರ ಇಟ್ಟಾಯಿತು. “ಮನಿಗಿ ಒಯ್ತೀವ್ರಿ” ಅನ್ನುತ್ತಾರೆ. ಹಾಳೆಯಲ್ಲಿ “ಇಷ್ಟದಿಂದ” ಅಂತ ದಾಖಲಾಗುತ್ತದೆ.

ಇದರಲ್ಲಿ ಎಷ್ಟು ಕಾರಣಗಳು ಕೂಡಿಕೊಂಡಿವೆ ಅಂತ ಬಿಡಿಸಿ ನೋಡಬೇಕು. ಅಪ್ಪ ಉಳಿಯುವ ಸಾಧ್ಯತೆ ಇಲ್ಲ ಅಂತ ಒಯ್ಯುತ್ತಿದ್ದಾರೋ? ಉಳಿದರೂ ಅಪ್ಪನಿಗೆ ಅಂಥ ಬದುಕು ಬೇಡವಾಗಿತ್ತು ಅಂತಲೋ? ಅಥವಾ ದುಡ್ಡು ಮುಗಿಯಿತು ಅಂತಲೋ? ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ಡಾಕ್ಟರ್ ಉತ್ತರ ಕೊಡಬೇಕು. ಎರಡನೆಯದಕ್ಕೆ ಅಪ್ಪನನ್ನು ಬಲ್ಲವರು. ಮೂರನೆಯದಕ್ಕೆ ಸರ್ಕಾರ, ಸಮಾಜ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸಹಿ ಹಾಕಿಸಿಕೊಳ್ಳುವ ಮೊದಲು “ಕಾರ್ಡ್ ಅದ ಏನ್ರಿ?” ಅಂತ ಯಾರಾದರೂ ಕೇಳಿದರೋ? ದುಡ್ಡಿನ ಪ್ರಶ್ನೆಯನ್ನು ಇಷ್ಟದ ಪ್ರಶ್ನೆ ಅಂತ ಬರೆದುಬಿಟ್ಟರೆ ಆಮೇಲೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಹಾಳೆ ಎಲ್ಲರನ್ನೂ ಬಿಡಿಸುತ್ತದೆ, ಸಹಿ ಹಾಕಿದ ಮಗನೊಬ್ಬನನ್ನು ಬಿಟ್ಟು. ಅವನು ಅದನ್ನು ಜೀವನಪೂರ್ತಿ ಹೊರುತ್ತಾನೆ.

ಇನ್ನೊಂದು ಮಾತು ಐಸಿಯು ಹೊರಗಿನ ಬೆಂಚಿನ ಮೇಲೆ ಬಹಳ ಕೇಳಿಬರುತ್ತದೆ. “ಮಷಿನ್ ಹಚ್ಚೋದೇ ಬ್ಯಾಡ್ರಿ, ಒಮ್ಮೆ ಹಚ್ಚಿದ್ರ ತಗಿಯಾಕ ಬರಂಗಿಲ್ಲ.” ಹಚ್ಚದೇ ಇರುವುದು ಪರವಾಗಿಲ್ಲ, ಹಚ್ಚಿ ತೆಗೆಯುವುದು ಪಾಪ ಅನ್ನುವ ಭಾವನೆ. ನನಗೂ ಈ ಭಾವನೆ ಅರ್ಥವಾಗುತ್ತದೆ. ತೆಗೆಯುವಾಗ ಒಂದು ಕೈ ಬೇಕು, ಆ ಕೈ ಯಾರದ್ದೋ ಆಗಬೇಕು. ಆದರೆ ಇದನ್ನು ಕಾರಣ ಅಂತ ಒಪ್ಪಿದರೆ ಏನಾಗುತ್ತದೆ? ಎರಡು ದಿನ ಮಷಿನ್ ಹಚ್ಚಿ ನೋಡಿದ್ದರೆ ಚೇತರಿಸಿಕೊಳ್ಳುತ್ತಿದ್ದ ಮನುಷ್ಯನಿಗೂ ಹಚ್ಚುವುದಿಲ್ಲ. ಮತ್ತೊಂದು ಕಡೆ, ಹಚ್ಚಿಯಾಗಿದೆ ಅಂತ ಯಾವ ಆಸೆಯೂ ಇಲ್ಲದವರನ್ನು ವಾರಗಟ್ಟಲೆ ಹಾಗೇ ಇಡುತ್ತಾರೆ. ಒಂದು ಚಿಕಿತ್ಸೆ ಈ ರೋಗಿಗೆ ಉಪಯೋಗ ಇಲ್ಲ ಅಂತ ಹಚ್ಚದಿರುವುದು ಸರಿಯಾದರೆ, ಹಚ್ಚಿ ನೋಡಿ ಉಪಯೋಗ ಇಲ್ಲ ಅಂತ ಗೊತ್ತಾದ ಮೇಲೆ ತೆಗೆಯುವುದು ಯಾಕೆ ತಪ್ಪು? ಎರಡನೆಯದರಲ್ಲಿ ನಮ್ಮ ಹತ್ತಿರ ಪುರಾವೆ ಜಾಸ್ತಿ ಇದೆ, ಅಲ್ವಾ? ಸುಪ್ರೀಂ ಕೋರ್ಟ್ ಕೂಡ 2018ರ ಮಾರ್ಚ್ 9ರ ತೀರ್ಪಿನಲ್ಲಿ ಚಿಕಿತ್ಸೆ ತಡೆಹಿಡಿಯುವುದು, ಹಿಂತೆಗೆಯುವುದು ಎರಡನ್ನೂ ಜೊತೆಯಲ್ಲೇ ಇಟ್ಟು ಮಾತಾಡಿದೆ. ಗೌರವದಿಂದ ಸಾಯುವುದು ಬದುಕುವ ಹಕ್ಕಿನ ಭಾಗ ಅಂತ ಹೇಳಿದ್ದು ಅದೇ ತೀರ್ಪು.

ಅದಕ್ಕೂ ಮೊದಲಿನ ಕಥೆ ನಮ್ಮ ರಾಜ್ಯದ ಹೆಣ್ಣುಮಗಳದು. ಹೊನ್ನಾವರ ಹತ್ತಿರದ ಹಳದೀಪುರದ ಅರುಣಾ ಶಾನಭಾಗ್ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೊಬ್ಬ ಮಾಡಿದ ಹಲ್ಲೆಯಿಂದ ಅವರ ಮೆದುಳು ಹಾಳಾಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಜಾಸ್ತಿ, ಅದೇ ಆಸ್ಪತ್ರೆಯ ಹಾಸಿಗೆಯ ಮೇಲಿದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅರುಣಾ ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸುಗಳು ಬೇಡವೇ ಬೇಡ ಅಂದರು. 2011ರ ಮಾರ್ಚ್ 7ರಂದು ಕೋರ್ಟ್ ವಿರಾನಿ ಅವರ ಬೇಡಿಕೆಯನ್ನು ಒಪ್ಪಲಿಲ್ಲ. ಅರುಣಾ ಪರವಾಗಿ ಮಾತಾಡುವ ಹಕ್ಕು ಆಸ್ಪತ್ರೆಯ ಸಿಬ್ಬಂದಿಗೆ ಹೆಚ್ಚು ಅಂತ ಹೇಳಿತು. ಆದರೆ ಬೇರೆ ಪ್ರಕರಣಗಳಲ್ಲಿ ಹೈಕೋರ್ಟ್ ಒಪ್ಪಿಗೆ ಪಡೆದು ಚಿಕಿತ್ಸೆ ನಿಲ್ಲಿಸಲು ದಾರಿ ತೆರೆಯಿತು.

ಆ ನರ್ಸುಗಳ ಮಾತನ್ನು ಬರೀ ಭಾವುಕತೆ ಅಂತ ತಳ್ಳಿಹಾಕುವವರನ್ನು ನೋಡಿದ್ದೇನೆ. ನಾನು ಹಾಗೆ ತಳ್ಳಲಾರೆ. ಅವರ ಮಾತಿನಲ್ಲಿ ಒಂದು ಭಾಗ ಪುರಾವೆ. ಯಾವ ಊಟ ಕೊಟ್ಟರೆ ಮುಖ ಹೇಗಾಗುತ್ತದೆ, ಯಾವ ಶಬ್ದಕ್ಕೆ ಬೆಚ್ಚುತ್ತಾರೆ ಅನ್ನುವುದು ವರ್ಷಗಟ್ಟಲೆ ಪಕ್ಕದಲ್ಲಿ ಇದ್ದವರಿಗೆ ಗೊತ್ತು, ಒಂದು ಗಂಟೆ ಪರೀಕ್ಷೆ ಮಾಡಿ ಹೋದವರಿಗೆ ಗೊತ್ತಿಲ್ಲ. ಇನ್ನೊಂದು ಭಾಗ ಪ್ರೀತಿ. ಅರುಣಾ ನಮ್ಮವರು, ನಾವು ನೋಡಿಕೊಳ್ಳುತ್ತೇವೆ. ಇದು ನೋಡಿಕೊಳ್ಳುವುದಕ್ಕೆ ಬಹಳ ದೊಡ್ಡ ಕಾರಣ. ಆದರೆ ಅರುಣಾಗೆ ಏನು ಬೇಕಾಗಿತ್ತು ಅನ್ನುವ ಪ್ರಶ್ನೆಗೆ ಇದು ಉತ್ತರ ಅಲ್ಲ. ಅದಕ್ಕೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಹಲ್ಲೆಯಾದಾಗ ಅವರು ಇಪ್ಪತ್ತರ ಹರೆಯದ ಹುಡುಗಿ. ಆ ವಯಸ್ಸಿನಲ್ಲಿ ಯಾರು ಇಂಥದ್ದನ್ನೆಲ್ಲ ಹೇಳಿಡುತ್ತಾರೆ?

ಭಾವನೆ ಮತ್ತು ವಿಚಾರವನ್ನು ಎದುರಾಳಿಗಳಂತೆ ನಿಲ್ಲಿಸುವುದು ನನಗೆ ಹಿಡಿಸುವುದಿಲ್ಲ. ಹೊಟ್ಟೆ ತೊಳಸಿದಂತಾದರೆ ಅಲ್ಲಿ ಏನೋ ಇದೆ. ಅದು ಏನು ಅಂತ ಹುಡುಕುವುದು ವಿಚಾರದ ಕೆಲಸ. ಹುಡುಕಿದ ಮೇಲೆ ಗಟ್ಟಿ ಕಾರಣವೂ ಸಿಗಬಹುದು, ಹಳೆಯ ಭಯ ಮಾತ್ರ ಸಿಗಬಹುದು.

ಒಳ್ಳೆಯ ಜನ ಸೇರಿ ಕೂತರೆ ಸಾಕು, ಒಳ್ಳೆಯ ತೀರ್ಮಾನ ತಾನಾಗಿ ಬರುತ್ತದೆ ಅನ್ನುವವರಿಗೆ ನಾನು ಅಮೆರಿಕದ ಸಿಯಾಟಲ್ ಊರಿನ ಕಥೆ ಹೇಳುತ್ತೇನೆ. 1960ರಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅನ್ನುವ ಡಾಕ್ಟರ್ ಕಿಡ್ನಿ ಕೆಟ್ಟವರಿಗೆ ಪದೇಪದೇ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ, ಮಾಡಲು ಸಾಧ್ಯವಾಗುವ ಸಾಧನ ಮಾಡಿದರು. ಯಂತ್ರಗಳು ಕೆಲವೇ, ರೋಗಿಗಳು ಬಹಳ. ಯಾರಿಗೆ ಕೊಡಬೇಕು ಅಂತ ಆರಿಸಲು ಏಳು ಜನರ ಕಮಿಟಿ ಮಾಡಿದರು. ಪಾದ್ರಿ, ವಕೀಲ, ಬ್ಯಾಂಕಿನವರು, ಗೃಹಿಣಿ, ಕಾರ್ಮಿಕ ಮುಖಂಡ, ಸರ್ಕಾರಿ ಅಧಿಕಾರಿ, ಸರ್ಜನ್. ಯಾರೂ ಕೆಟ್ಟವರಲ್ಲ, ಯಾರಿಗೂ ಸ್ವಾರ್ಥ ಇರಲಿಲ್ಲ. 1962ರಲ್ಲಿ ಒಂದು ಪತ್ರಿಕೆ ಅವರ ಕೆಲಸದ ಬಗ್ಗೆ ಬರೆದಾಗ ಅವರು ನೋಡುತ್ತಿದ್ದ ಸಂಗತಿಗಳು ಗೊತ್ತಾದವು. ಮದುವೆ ಆಗಿದೆಯೋ, ಆಸ್ತಿ ಎಷ್ಟು, ಓದು ಎಷ್ಟು, ಚರ್ಚಿಗೆ ಹೋಗುತ್ತಾರೋ. ತಮ್ಮಂಥವರೇ ಯೋಗ್ಯರು ಅಂತ ಅವರಿಗೆ ಗೊತ್ತಿಲ್ಲದಂತೆಯೇ ಅನ್ನಿಸಿತ್ತು. ಕಾರಣಗಳು ಹೊರಗೆ ಬಂದದ್ದರಿಂದಲೇ ಅದು ಸರಿಯಲ್ಲ ಅಂತ ಜನ ಎದ್ದುನಿಂತು ಹೇಳಲು ಆಯಿತು. 1972ರಲ್ಲಿ ಅಮೆರಿಕ ಸರ್ಕಾರವೇ ಡಯಾಲಿಸಿಸ್ ಖರ್ಚು ಕೊಡುವ ಕಾನೂನು ತಂದಿತು.

ನಮ್ಮಲ್ಲಿ 2021ರ ಏಪ್ರಿಲ್, ಮೇ ತಿಂಗಳು ನೆನಪಿರಬೇಕು. ದೇಶದ ಮೊದಲ ಕೋವಿಡ್ ಸಾವು ಕಂಡ ಊರು ನಮ್ಮದು, 2020ರ ಮಾರ್ಚ್‌ನಲ್ಲಿ. ಎರಡನೇ ಅಲೆ ಬಂದಾಗ ಆಕ್ಸಿಜನ್ ಬೆಡ್ಡಿಗಾಗಿ ಜನ ಊರೆಲ್ಲ ಸುತ್ತಿದರು. ಯಾರಿಗೆ ಸಿಕ್ಕಿತು? ಮೊದಲು ಬಂದವರಿಗೋ, ಹೆಚ್ಚು ಅಗತ್ಯ ಇದ್ದವರಿಗೋ, ಉಳಿಯುವ ಸಾಧ್ಯತೆ ಇದ್ದವರಿಗೋ? ಇದರಲ್ಲಿ ಯಾವ ನಿಯಮ ಇದ್ದರೂ ಅದರ ಪರ ಒಂದು ಮಾತು, ವಿರುದ್ಧ ಒಂದು ಮಾತು ಹೇಳಬಹುದಿತ್ತು. ಆದರೆ ಬಹಳ ಕಡೆ ಕೆಲಸ ಮಾಡಿದ್ದು ದೊಡ್ಡವರ ಫೋನು. ಅದನ್ನು ಯಾರೂ ಎಲ್ಲೂ ಬರೆಯಲಿಲ್ಲ. ಬರೆಯದ ಕಾರಣವನ್ನು ಪ್ರಶ್ನೆ ಮಾಡುವುದು ಹೇಗೆ?

ಎದುರಿನವರ ವಾದವನ್ನು ಮೊದಲು ಪೂರ್ತಿ ಹೇಳಿ, ಆಮೇಲೆ ನಮ್ಮದನ್ನು ಹೇಳುವ ಪದ್ಧತಿಗೆ ನಾವು ಹೊರಗೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಮರತೂರು ವಿಜ್ಞಾನೇಶ್ವರನ ಊರು. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದವನು. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನ, ಮಿತಾಕ್ಷರ, ದೇಶದ ಬಹುಭಾಗದಲ್ಲಿ ಆಸ್ತಿ ಹಂಚಿಕೆಗೆ ಆಧಾರವಾಯಿತು. ಹಿರಿಯರ ಆಸ್ತಿಯಲ್ಲಿ ಮಗನಿಗೆ ಹಕ್ಕು ಹುಟ್ಟಿನಿಂದ ಬರುತ್ತದೋ, ಪಾಲಾದಾಗ ಬರುತ್ತದೋ? ಹುಟ್ಟಿನಿಂದ ಅನ್ನುವುದು ಅವನ ತೀರ್ಮಾನ. ಆದರೆ ಅಲ್ಲಿಗೆ ಬರುವ ಮೊದಲು ಹುಟ್ಟಿನಿಂದ ಅಲ್ಲ ಅನ್ನುವವರ ವಾದಗಳನ್ನು ಒಂದೊಂದಾಗಿ ಮುಂದಿಡುತ್ತಾನೆ. ಅವನ ತೀರ್ಮಾನಗಳೆಲ್ಲ, ಅದರಲ್ಲೂ ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ, ಇವತ್ತು ನಮಗೆ ಒಪ್ಪಿಗೆಯಾಗುವುದಿಲ್ಲ. ಹೆಜ್ಜೆಗಳನ್ನು ತೆರೆದಿಟ್ಟಿದ್ದರಿಂದ ಎಲ್ಲಿ ಒಪ್ಪುವುದಿಲ್ಲ ಅಂತ ಹೇಳಲು ಆಗುತ್ತದೆ.

ಕಮಿಟಿಯಲ್ಲಿ ನಾನು ಇದನ್ನೇ ಕೇಳುತ್ತೇನೆ. ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಒಂದು ಅಧ್ಯಯನ ಬಂದಿತ್ತು. ತಪಾಸಣೆಗೆ ಬಂದಾಗ ಸ್ವಲ್ಪ ಹೆಚ್ಚು ರಕ್ತ ತೆಗೆದುಕೊಳ್ಳುವುದು. “ಹೇಗಿದ್ರೂ ಸೂಜಿ ಚುಚ್ಚುತ್ತೇವೆ ಸರ್, ಅವರಿಗೆ ಏನೂ ತೊಂದರೆ ಇಲ್ಲ” ಅಂತ ಕಿರಿಯ ಡಾಕ್ಟರಮ್ಮ ಹೇಳಿದರು. “ಇದು ಬೇಡ ಅನ್ನುವವರು ಏನು ಹೇಳಬಹುದು, ನೀವೇ ಹೇಳಿ ನೋಡೋಣಮ್ಮ” ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ನಾವು ಯಾರೂ ಹೇಳದ ಮಾತು ಹೇಳಿದರು. ಬೇಡ ಅಂದರೆ ಹೆರಿಗೆಯ ದಿನ ಡಾಕ್ಟರು ಸರಿಯಾಗಿ ನೋಡಲಿಕ್ಕಿಲ್ಲ ಅಂತ ಆ ಹೆಂಗಸರಿಗೆ ಅಂಜಿಕೆ ಇರುತ್ತದೆ, ಹಾಗಾಗಿ ಅವರ ಹೂಂ ನಿಜವಾದ ಹೂಂ ಅಲ್ಲದೆ ಇರಬಹುದು ಅಂತ. ಒಪ್ಪಿಗೆ ಕೇಳುವ ಕೆಲಸವನ್ನು ಹೆರಿಗೆಗೆ ಸಂಬಂಧ ಇಲ್ಲದವರಿಗೆ ಕೊಟ್ಟರು. ಅಧ್ಯಯನ ನಡೆಯಿತು.

ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಯಲ್ಲಿ ಇದಕ್ಕೆಲ್ಲ ಹೊತ್ತೆಲ್ಲಿದೆ ಅಂತ ಡಾಕ್ಟರ್ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಗ ಹೊತ್ತಿಲ್ಲ. ಅದಕ್ಕೇ ಹಗಲಿನಲ್ಲಿ, ಎಲ್ಲರೂ ಆರಾಮ ಇರುವಾಗ ಮಾತಾಡಿ ಇಟ್ಟುಕೊಳ್ಳಬೇಕು. ಕಾನೂನು ಈಗ ಅದಕ್ಕೆ ದಾರಿ ಕೊಟ್ಟಿದೆ. ಮುಂದೆ ನನಗೆ ಮಾತಾಡಲು ಆಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡಬಹುದು, ಅದೇ ಲಿವಿಂಗ್ ವಿಲ್. 2018ರಲ್ಲಿ ಇದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಡಿಲ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ಅದನ್ನು ಜಾರಿ ಮಾಡುವ ಮೊದಲು ಆಸ್ಪತ್ರೆಯ ಒಂದು ವೈದ್ಯ ಮಂಡಳಿ, ಆಮೇಲೆ ಇನ್ನೊಂದು ಮಂಡಳಿ ನೋಡಬೇಕು. ಎರಡೂ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದಕ್ಕೆ ಸುತ್ತೋಲೆ ಹೊರಡಿಸಿತು.

ನಾನೂ ಒಂದು ಬರೆಯುತ್ತಿದ್ದೇನೆ. ನನ್ನ ಪರವಾಗಿ ಮಾತಾಡುವವರ ಹೆಸರಿನ ಜಾಗದಲ್ಲಿ ಮಗಳನ್ನೂ ಬೀದರಿನಲ್ಲಿರುವ ತಮ್ಮನನ್ನೂ ಹಾಕಿದ್ದೇನೆ. ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೆಯಲು ಈಗ ಅವಕಾಶ ಇದೆ. ಮಗಳು ಓದಿ ಒಪ್ಪಿದಳು. ತಮ್ಮ ಒಪ್ಪಲಿಲ್ಲ.

“ಅಣ್ಣಾ, ನೀ ಈಗ ಆರಾಮ ಇದ್ದಿ. ಆರಾಮ ಇದ್ದಾಂವ ಬರದದ್ದು ಹಾಸಿಗಿ ಮ್ಯಾಲ ಇದ್ದಾಂವಗ ಹ್ಯಾಂಗ ಲಾಗೂ ಆಗ್ತದ? ಅವಾಗ ನಿನ್ನ ಮನಸ್ಸು ಬ್ಯಾರೇನೇ ಇರಬಹುದಲ್ಲ?”

ಸುಮ್ನೆ ಎತ್ತಿದ ಮಾತಲ್ಲ ಇದು. ದೊಡ್ಡ ಅಂಗವೈಕಲ್ಯದೊಂದಿಗೆ ಬದುಕುವವರು ತಮ್ಮ ಬದುಕನ್ನು ಹೊರಗಿನವರು ಊಹಿಸುವುದಕ್ಕಿಂತ ಎಷ್ಟೋ ಒಳ್ಳೆಯದು ಅಂತ ಹೇಳುತ್ತಾರೆ, ಇದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಆರೋಗ್ಯವಂತರ ಭಯ ಒಳ್ಳೆಯ ಅಳತೆಗೋಲಲ್ಲ. ಅದಕ್ಕೆ ನಡೆಯಲು ಆಗದಿದ್ದರೆ, ಮಾತು ಹೋದರೆ ಅನ್ನುವ ಸಾಲುಗಳನ್ನು ನಾನು ಸೇರಿಸಿಲ್ಲ. ಯಾರ ಗುರುತೂ ಸಿಗದೆ, ಮತ್ತೆ ಸಿಗುವ ಆಸೆಯೂ ಇಲ್ಲ ಅಂತ ಡಾಕ್ಟರುಗಳು ಹೇಳಿದರೆ ಮಾತ್ರ ಅಂತ ಬರೆದಿದ್ದೇನೆ. ಮಷಿನ್ ಹಚ್ಚಿ ಕೆಲವು ದಿನ ನೋಡಲಿ, ಫಲ ಕಾಣದಿದ್ದರೆ ತೆಗೆಯಲಿ, ತೆಗೆದವರ ಮೇಲೆ ಯಾವ ಪಾಪವೂ ಇಲ್ಲ ಅಂತಲೂ ಬರೆದಿದ್ದೇನೆ. ಆ ಕೊನೆಯ ಸಾಲು ಕಾನೂನಿಗೆ ಬೇಕಾಗಿಲ್ಲ, ಮಗಳಿಗೆ ಬೇಕು.

ಆದರೆ ತಮ್ಮ ಬಿಡಲಿಲ್ಲ. “ಗುರ್ತು ಸಿಗಲಾರ್ದಂಗ ಆದ್ರೂ ನೀ ಖುಷಿಯಾಗಿದ್ರ? ಮಕ್ಕಳಂಗ ನಕ್ಕೋತ ಉಣಕೋತ ಇದ್ದು, ಮ್ಯಾಲ ನಿಮೋನಿಯಾ ಬಂತಂದ್ರ ಔಷಧ ಕೊಡಲೋ ಬ್ಯಾಡೋ?” ಅಂತ ಕೇಳಿದ.

ಈಗಿನ ನಾನು ಬೇಡ ಅನ್ನುತ್ತೇನೆ. ಆಗಿನ ಆ ನಗುವ ಮನುಷ್ಯನನ್ನು ಕೇಳಿದರೆ ಏನನ್ನುತ್ತಾನೋ. ಅವನ ಖುಷಿಗಿಂತ ನನ್ನ ಈಗಿನ ಮಾತು ಯಾಕೆ ದೊಡ್ಡದು ಅನ್ನುವುದಕ್ಕೆ ಎರಡು ಸಲ ಕಾರಣ ಬರೆದೆ. ತಮ್ಮ ಎರಡಕ್ಕೂ ಎದುರು ವಾದ ಬರೆದು ಕಳಿಸಿದ್ದಾನೆ. ಅವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಲು ನನಗೆ ಬರಬೇಕು, ಆಮೇಲೆ ನನ್ನ ಉತ್ತರ. ಇನ್ನೂ ಅಲ್ಲಿಗೆ ಬಂದಿಲ್ಲ. ದಸರೆಗೆ ಅವನು ಕಲಬುರಗಿಗೆ ಬರುತ್ತಾನೆ. ನೋಟರಿ ಹತ್ತಿರ ಅದರ ನಂತರವೇ ಹೋಗೋಣ ಅಂತ ಮೂವರೂ ಒಪ್ಪಿದ್ದೇವೆ.